ಸದ್ದಕ್ಕನ ಟಿವಿ ಬೇಟೆ

ನಮ್ಮಕ್ಕ ಒಂದು ಕಡೆ ಕೂರುವ ಜಾತಿಯವಳೇ ಅಲ್ಲ. ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಉಣ್ಣುತ್ತಾಳೆ. ಮದುವೆಯಾದ ಹೊಸದರಲ್ಲಿ ಭಾವ ಪಾಪ, ಯಾರೋ ಬಂದರೇನೋ ಎಂದು ಅವಳ ಹಿಂದೆಯೇ ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತಿದ್ದರಂತೆ. ಈಗ ಪಳಗಿದ್ದಾರೆ. ಅವಳು ಹಾಯುವ ದಾರಿಯಿಂದ ಕಾಲು ಮಡಚಿಕೊಂಡು ಪೇಪರ್ ಓದುತ್ತಿರುತ್ತಾರೆ. ನಾನು ಅವರ ಮನೆಯ ಕೆಳಗಿನ ಮಳಿಗೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಮಷಿನ್ ನಿಲ್ಲಿಸಿದಾಗೆಲ್ಲ ತಲೆಯ ಮೇಲೆ ಅಕ್ಕನ ಹೆಜ್ಜೆ ಕೇಳಿಸುತ್ತದೆ.

ಅವಳ ಕೆಲಸವೇನು ಎಂದು ನನ್ನ ಗಿರಾಕಿಗಳು ಕೇಳಿದರೆ, ಯಂತ್ರಗಳು ಗಲಾಟೆ ಮಾಡುತ್ತವೋ ಇಲ್ಲವೋ ನೋಡುವುದು ಎನ್ನುತ್ತೇನೆ. ಕಿವಿಗೆ ಕೇಳುವ ಗಲಾಟೆ ಅಲ್ಲ. ಕರೆಂಟಿನಲ್ಲಿ ನಡೆಯುವ ಯಾವ ವಸ್ತುವಾದರೂ ಸುತ್ತಲೂ ಒಂದಿಷ್ಟು ರೇಡಿಯೋ ಅಲೆಗಳನ್ನು ಉಗುಳುತ್ತಿರುತ್ತದಂತೆ. ಅದು ಮಿತಿಮೀರಿದರೆ ಪಕ್ಕದ ಮನೆಯ ರೇಡಿಯೋ ಕರಕರ ಎನ್ನುತ್ತದೆ, ಆಂಬುಲೆನ್ಸಿನವರ ವೈರ್‌ಲೆಸ್ ತೊದಲುತ್ತದೆ. ಹಾಗಾಗಿ ಹೊಸ ಸಾಮಾನು ಅಂಗಡಿಗೆ ಬರುವ ಮೊದಲು ಅಕ್ಕನಂಥವರ ಕೈ ದಾಟಿ ಬರಬೇಕು. ಅವಳ ಲ್ಯಾಬಿನಲ್ಲಿ ಅದಕ್ಕೆಂದೇ ಒಂದು ಕೋಣೆ ಇದೆ. ಗೋಡೆ, ಸೂರು, ಬಾಗಿಲು ಎಲ್ಲ ಕಬ್ಬಿಣದ ತಗಡಿನವು, ಅದರ ಮೇಲೆ ಸಾಲುಸಾಲಾಗಿ ಸ್ಪಂಜಿನ ಮೊನೆಗಳು. ಬಾಗಿಲು ಹಾಕಿದರೆ ಹೊರಗಿನ ಅಲೆ ಒಳಗೆ ಬರುವುದಿಲ್ಲ, ಮೊಬೈಲ್ ಸತ್ತ ಹಾಗೆ. ನಡುವೆ ನಿಧಾನಕ್ಕೆ ತಿರುಗುವ ಮೇಜು, ಎದುರಿಗೆ ಆಂಟೆನಾ. ಪಕ್ಕದ ಕೋಣೆಯ ಪರದೆಯ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೆರೆ, ಅದರ ಕೆಳಗೆ ಮೇಜಿನ ಮೇಲಿನ ವಸ್ತುವಿನ ಗಲಾಟೆ ಹುಲ್ಲಿನ ಹಾಗೆ ಎದ್ದು ನಿಂತಿರುತ್ತದೆ. ಹುಲ್ಲಿನ ಒಂದೇ ಒಂದು ಎಸಳು ಗೆರೆ ದಾಟಿದರೂ ಫೇಲ್. ಲ್ಯಾಬಿನವರು ಈ ಗಲಾಟೆಗೆ ಸದ್ದು ಎನ್ನುತ್ತಾರೆ, ಅಕ್ಕನನ್ನು ಸದ್ದಕ್ಕ ಎನ್ನುತ್ತಾರೆ. ಅವಳಿಗೇನೂ ಬೇಜಾರಿಲ್ಲ.

ಟಿವಿಗೆ ಜೋಡಿಸುವ ಡಬ್ಬಿಗಳು ಪರೀಕ್ಷೆಗೆ ಬಂದರೆ ಮಾತ್ರ ಒಂದು ಪೇಚು. ಅವನ್ನು ಒಂಟಿಯಾಗಿ ನಡೆಸಲಾಗುವುದಿಲ್ಲ. ಡಬ್ಬಿ ಕಳಿಸುವ ಚಿತ್ರ ಎಲ್ಲಾದರೂ ಮೂಡಬೇಕಲ್ಲ, ಅದಕ್ಕೆ ಪಕ್ಕದಲ್ಲಿ ಲ್ಯಾಬಿನದೇ ಒಂದು ಟಿವಿ ಇಡುತ್ತಾರೆ. ಆ ಟಿವಿ ಪರೀಕ್ಷೆಗೆ ಬಂದದ್ದಲ್ಲ, ಬರೀ ಜೊತೆಗೆ ನಿಂತದ್ದು. ಅದು ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಯಾವ ಸದ್ದು ಯಾರದ್ದು ಎಂದು ಆಂಟೆನಾಕ್ಕೆ ಗೊತ್ತಾಗುವುದಿಲ್ಲ, ಗಲಾಟೆ ಮಾಡಿದ್ದು ಟಿವಿಯಾದರೂ ಏಟು ತಿನ್ನುವುದು ಡಬ್ಬಿ. ನಾವೆಲ್ಲ ಇದಕ್ಕೆ ಸಹವಾಸ ದೋಷ ಎನ್ನುತ್ತೇವೆ. ಅಕ್ಕ ಅದನ್ನೇ ಉದ್ದುದ್ದ ಪದಗಳಲ್ಲಿ ಹೇಳುತ್ತಾಳೆ. ಲ್ಯಾಬಿಗೆ ಆ ಟಿವಿ ಆರಿಸಿ ತಂದವಳು ಅವಳೇ. ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದರಲ್ಲಿ ಗಲಾಟೆ ಮಾಡದೆ ತಣ್ಣಗಿದ್ದದ್ದನ್ನು ನೋಡಿ ತಂದಿದ್ದಳು. ಅದರ ಮೇಲೆ ಅವಳಿಗೆ ಭಾರಿ ಭರವಸೆ.

ಆ ಭರವಸೆಯನ್ನು ನಂಬಿ ಬಂದವರು ಒಬ್ಬ ಗಡಿಯಾರ ರಿಪೇರಿಯವರು. ತಲೆ ಪೂರ್ತಿ ನೆರೆತ, ಮೆಲ್ಲಗೆ ಮಾತಾಡುವ ಮನುಷ್ಯ. ಹೆಂಡತಿಗೆ ಕಣ್ಣು ಮಂಜಾಗುತ್ತಾ ಬಂದು ಅಕ್ಷರ ಕಾಣದಂತಾದಾಗ, ಅವರು ಕೂತು ಒಂದು ಡಬ್ಬಿ ಮಾಡಿದ್ದರು. ಅದರ ಕೆಳಗೆ ಪೇಪರ್ ಇಟ್ಟರೆ ಅಕ್ಷರಗಳು ಅಂಗೈಯಗಲವಾಗಿ ಟಿವಿಯಲ್ಲಿ ಬರುತ್ತವೆ. ಹೆಂಡತಿ ಆ ಡಬ್ಬಿಯನ್ನು ಕೋಣೆಯಿಂದ ಕೋಣೆಗೆ ತಾನೇ ಎತ್ತಿಕೊಂಡು ಹೋಗಿ, ತನಗೆ ಬೇಕಾದ್ದನ್ನು ಯಾರ ಹಂಗೂ ಇಲ್ಲದೆ ಓದಿಕೊಳ್ಳುತ್ತಿದ್ದರು. ಕಣ್ಣು ಕಾಣದವರ ಸಂಘವೊಂದು ಇಂಥದ್ದನ್ನೇ ಇನ್ನಷ್ಟು ಮಾಡಿಕೊಡಿ, ಆದರೆ ಪರೀಕ್ಷೆ ಪಾಸಾಗಿರಬೇಕು ಎಂದಿತು. ಹಾಗೆ ಅವರು ಅಕ್ಕನ ಲ್ಯಾಬಿಗೆ ಬಂದರು.

ಡಬ್ಬಿ ಫೇಲಾಯಿತು. ಒಂದೇ ಒಂದು ಎಸಳು ಗೆರೆ ದಾಟಿ ನಿಂತಿತ್ತು. ಅವರು ಮರುಮಾತಾಡದೆ ಮನೆಗೆ ಹೋಗಿ ಒಳಗಿನ ವೈರು, ಬೋರ್ಡು ಎಲ್ಲ ಬದಲಾಯಿಸಿಕೊಂಡು ಬಂದರು. ಮತ್ತೆ ಫೇಲ್, ಅದೇ ಜಾಗದಲ್ಲಿ ಅದೇ ಎಸಳು. ಮೂರನೆಯ ಸಲಕ್ಕೆ ದಿನ ಕೇಳಲು ಬಂದಾಗ, ಬದಲಾಯಿಸಿದ್ದೆಲ್ಲ ಕಿತ್ತು ಮೊದಲಿನಂತೆಯೇ ಜೋಡಿಸಿ, ಮೇಲೆ ದಪ್ಪ ಕಬ್ಬಿಣದ ತಗಡಿನ ಕವಚ ಹಾಕುತ್ತಿದ್ದೇನೆ ಎಂದರಂತೆ. ಹೆಂಡತಿಗೆ ಎತ್ತಲಾಗುವುದಿಲ್ಲ, ಆದರೆ ಬೇರೆ ದಾರಿ ತೋಚುತ್ತಿಲ್ಲ. ಈ ಸಲವೂ ಆಗದಿದ್ದರೆ ಸಂಘದವರಿಗೆ ಆಗುವುದಿಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇನೆ ಎಂದರಂತೆ. ಮುಂದಿನ ವಾರಕ್ಕೆ ದಿನ ಗೊತ್ತಾಯಿತು.

ಅವತ್ತಿನಿಂದ ಅಕ್ಕನ ಓಡಾಟ ಇನ್ನೂ ಜೋರಾಯಿತು. ಒಳಗೆ ಅಷ್ಟೆಲ್ಲ ಬದಲಾಯಿಸಿದರೂ ಆ ಎಸಳು ಕೂದಲೆಳೆಯಷ್ಟೂ ಅಲುಗಲಿಲ್ಲವಲ್ಲ, ಅದು ಹೇಗೆ ಎಂಬುದು ಅವಳ ತಲೆಯೊಳಗೆ ಹುಳ ಬಿಟ್ಟಿತ್ತು. ಟಿವಿಯ ಮೇಲೆ ಅನುಮಾನ ಪಡುವಂತಿರಲಿಲ್ಲ. ಪ್ರತಿ ಪರೀಕ್ಷೆಗೂ ಮೊದಲು ಡಬ್ಬಿಯನ್ನು ಆಫ್ ಮಾಡಿ, ಬರೀ ಟಿವಿ ಹಾಕಿ ಅಳೆದು ನೋಡುವುದು ಅವರ ಕ್ರಮ. ಹಾಗೆ ನೋಡಿದಾಗೆಲ್ಲ ಟಿವಿ ತೆಪ್ಪಗೆ ಇತ್ತು.

ರಜೆಯ ಮಧ್ಯಾಹ್ನ ಊಟಕ್ಕೆ ನಾನೂ ಮೇಲೆ ಹೋಗಿದ್ದೆ. ಭಾವ ಉಂಡು ಟಿವಿ ಮುಂದೆ ಒರಗಿದ್ದರು. ಕೇಬಲ್ ಹೋಯಿತು. ಪರದೆಯ ಮೇಲೆ ಚಿತ್ರ ಬರುತ್ತಿಲ್ಲ ಎಂಬ ಅಕ್ಷರ ಸ್ವಲ್ಪ ಹೊತ್ತು ತೇಲಾಡಿ, ಆಮೇಲೆ ಪರದೆ ತಾನಾಗಿಯೇ ಕಪ್ಪಾಯಿತು. ಭಾವ ಕಣ್ಣು ಬಿಡದೆಯೇ, "ನೋಡೇ, ಟಿವಿಗೂ ನಿದ್ದೆ ಬಂತು," ಎಂದರು.

ಅಕ್ಕ ಕಿಟಕಿಯ ಹತ್ತಿರ ತುತ್ತು ಬಾಯಿಗಿಡುತ್ತಿದ್ದವಳು ಹಾಗೇ ನಿಂತಳು. ನನಗೆ ಭಯವಾಯಿತು, ಗಂಟಲಿಗೆ ಸಿಕ್ಕಿಕೊಂಡಿತೋ ಏನೋ ಎಂದು ಓಡಿಹೋಗಿ ಬೆನ್ನು ತಟ್ಟಿದೆ. ಅವಳು ನನ್ನ ಕೈ ಸರಿಸಿ, "ಅದು ನಿದ್ದೆ ಮಾಡ್ತಿತ್ತು ಕಣೇ. ನಾನು ಅಳೆಯುವಾಗ ಅದು ನಿದ್ದೆ ಮಾಡ್ತಿತ್ತು," ಎಂದಳು.

ನನಗೆ ಅರ್ಥವಾಗಬೇಕಾದರೆ ಅವಳು ಎರಡು ಸಲ ಬಿಡಿಸಿ ಹೇಳಬೇಕಾಯಿತು. ಡಬ್ಬಿಯನ್ನು ಆಫ್ ಮಾಡಿದರೆ ಟಿವಿಗೆ ಚಿತ್ರ ಬರುವುದಿಲ್ಲ. ಚಿತ್ರ ಬರದಿದ್ದರೆ ಅದು ಪರದೆ ಆರಿಸಿಕೊಂಡು ತೂಕಡಿಸುತ್ತದೆ. ತೂಕಡಿಸುವಾಗ ಅದು ಎಂಥ ಸಾಧು ಎಂದು ಇವರು ಬರೆದುಕೊಂಡರು. ಡಬ್ಬಿ ಹಾಕಿದಾಗ ಚಿತ್ರ ಬಂತು, ಟಿವಿ ಎದ್ದಿತು, ಎದ್ದು ತನ್ನ ಗಲಾಟೆ ಶುರು ಮಾಡಿತು. ಡಬ್ಬಿ ಬಂದ ಮೇಲೆ ಬಂದ ಗಲಾಟೆ ಡಬ್ಬಿಯದೇ ಎಂದು ಇವರು ತೀರ್ಪು ಕೊಟ್ಟರು. ಕೇಳಿ ನಾನು ನಗಾಡಿದೆ. ಅಕ್ಕ ನಗಲಿಲ್ಲ, ತಟ್ಟೆಯನ್ನು ಅಲ್ಲೇ ಕಿಟಕಿಯ ಮೇಲಿಟ್ಟು ಕೈ ತೊಳೆದಳು.

ಮಾರನೆಯ ದಿನ ಲ್ಯಾಬಿಗೆ ಹೋದವಳೇ ಕೋಣೆಯ ಹೊರಗಿನಿಂದ ಬೇರೊಂದು ಚಿತ್ರ ಕಳಿಸಿ ಟಿವಿಯನ್ನು ಎಚ್ಚರವಾಗಿಟ್ಟು ಅಳೆದಳು. ಎಸಳು ಅದೇ ಜಾಗದಲ್ಲಿ ಎದ್ದು ನಿಂತಿತು, ಡಬ್ಬಿಯ ಸುಳಿವೇ ಇಲ್ಲದೆ. ಅವಳು ಓಡಿಹೋಗಿ ಲ್ಯಾಬಿನ ಯಜಮಾನರಿಗೆ ಹೇಳಿದಳು. ಯಜಮಾನರು ಕೆಟ್ಟವರಲ್ಲ, ಹೆದರಿಕೆಯ ಮನುಷ್ಯ. ಇದರಿಂದ ಡಬ್ಬಿ ಶುದ್ಧ ಎಂದಾಗುವುದಿಲ್ಲ, ಟಿವಿಯೂ ಡಬ್ಬಿಯೂ ಎರಡೂ ಒಂದೇ ಜಾಗದಲ್ಲಿ ಕೂಗುತ್ತಿರಬಹುದು ಎಂದರು. ಅದು ಸರಿಯಾದ ಮಾತೇ. ಬೇಕಾದರೆ ಗಡಿಯಾರದವರು ಬರುವುದರೊಳಗೆ ತಣ್ಣಗಿರುವ ಬೇರೆ ಟಿವಿ ಹುಡುಕು, ಹಳೆಯದನ್ನು ಕೆದಕಬೇಡ, ಲ್ಯಾಬಿನ ಹೆಸರು ಹೋಗುತ್ತದೆ ಎಂದೂ ಸೇರಿಸಿದರು. ಹುಡುಕದಿದ್ದರೆ ಅಷ್ಟು ತೂಕದ ತಗಡು ಹೊತ್ತ ಡಬ್ಬಿಯೂ ಫೇಲಾಗುವುದು ಖಂಡಿತ, ಆ ಮನುಷ್ಯ ಕೈ ಬಿಡುವುದೂ ಖಂಡಿತ.

ಹೀಗೆ ಶುರುವಾಯಿತು ಟಿವಿ ಬೇಟೆ. ಅಕ್ಕನ ಕೈಯಲ್ಲಿ ಒಂದು ಪುಟ್ಟ ರೇಡಿಯೋ. ಯಾವ ಸ್ಟೇಷನ್ನೂ ಸಿಗದ ಜಾಗದಲ್ಲಿ ಅದರ ಮುಳ್ಳು ನಿಲ್ಲಿಸಿ ಟಿವಿಯ ಬೆನ್ನಿಗೆ ಹಿಡಿದರೆ, ಗಲಾಟೆಯ ಟಿವಿಯಾದರೆ ಅದು ಬಾಣಲೆಯಲ್ಲಿ ಕಾಳು ಸಿಡಿದಂತೆ ಪಟಪಟ ಎನ್ನುತ್ತದೆ. ಇದು ಮೊದಲ ಜರಡಿ ಅಷ್ಟೇ. ಇದರಲ್ಲಿ ಉಳಿದದ್ದನ್ನು ಮಾತ್ರ ಲ್ಯಾಬಿಗೆ ಹೊತ್ತು ಅಳೆಯಬೇಕು. ಜೊತೆಗೆ ಬಾ ಎಂದಳು. ಒಬ್ಬಳೇ ಹೋದರೆ ಹುಚ್ಚಿ ಅಂದುಕೊಳ್ಳುತ್ತಾರೆ ಎಂಬುದು ಅವಳ ಹೆದರಿಕೆ. ಇಬ್ಬರು ಹೋದರೆ ಇಬ್ಬರು ಹುಚ್ಚಿಯರು ಅಂದುಕೊಳ್ಳುತ್ತಾರೆ ಎಂದು ನಾನು ಹೇಳಿ, ಅಂಗಡಿ ಬಾಗಿಲು ಎಳೆದುಕೊಂಡು ಹೊರಟೆ. ನನಗೋ ಆಗ ದವಡೆ ಹಲ್ಲು ನೋವು, ಕೆನ್ನೆ ಊದಿತ್ತು, ಬಿಸಿ ತಣ್ಣಗೆ ಯಾವುದೂ ಆಗುತ್ತಿರಲಿಲ್ಲ.

ಮೊದಲ ಅಂಗಡಿಯಲ್ಲಿ ಸದ್ದು ಮಾಡದ ಟಿವಿ ತೋರಿಸಿ ಎಂದಳು. ಮಾರುವ ಹುಡುಗಿ ರಿಮೋಟ್ ತೆಗೆದುಕೊಂಡು ವಾಲ್ಯೂಮ್ ಕಡಿಮೆ ಮಾಡಿ ತೋರಿಸಿದಳು. ಎರಡನೆಯ ಅಂಗಡಿಯಲ್ಲಿ ಗೋಡೆಯಗಲದ ಹೊಸ ಟಿವಿಗಳ ಬೆನ್ನ ಹಿಂದೆ ನುಗ್ಗಿ ರೇಡಿಯೋ ಹಿಡಿದಳು, ಒಂದೊಂದೂ ಒಂದೊಂದು ರಾಗದಲ್ಲಿ ಅರಚಿತು. ಅಲ್ಲಿಯ ಕಾವಲಿನವರು ಬಂದು ಏನಮ್ಮಾ ಕಳ್ಕೊಂಡಿದ್ದೀರಿ ಎಂದು ವಿಚಾರಿಸಿದರು. ಇನ್ನೊಂದು ಕಡೆ ಕೊನೆಗೂ ತಣ್ಣಗಿರುವ ಒಂದು ಸಿಕ್ಕಿತು. ಅಕ್ಕನ ಮುಖ ಅರಳಿತು. ದುಡ್ಡು ಕಟ್ಟಿ ಬಂದೆವು. ಗೋಡೌನಿನಿಂದ ಲ್ಯಾಬಿಗೆ ಬಂದು ಇಳಿದದ್ದೂ ಅದೇ ಕಂಪನಿಯ ಅದೇ ಮಾಡೆಲ್, ಡಬ್ಬದ ಮೇಲಿನ ಚಿತ್ರವೂ ಅದೇ, ಆದರೆ ಹಾಕಿದರೆ ಒಂದೇ ಬೊಬ್ಬೆ. ಅಕ್ಕ ಹಿಂಬದಿ ಬಿಚ್ಚಿ ನೋಡಿದಾಗ ಒಳಗಿನ ಕರೆಂಟಿನ ಬೋರ್ಡೇ ಬೇರೆ. ಪರೀಕ್ಷೆ ಪಾಸಾದ ಮೇಲೆ ಸಿಕ್ಕಿದ ಬೋರ್ಡು ಹಾಕಿ ಅದೇ ಹೆಸರಿನಲ್ಲಿ ಮಾರುತ್ತಾರಂತೆ. ವಾಪಸು ತೆಗೆದುಕೊಳ್ಳುವುದಿಲ್ಲ, ಟಿವಿ ಚೆನ್ನಾಗಿಯೇ ಇದೆಯಲ್ಲ ಎಂದು ಅಂಗಡಿಯವನು ಹಟ ಹಿಡಿದ. ಆ ಜಗಳ ನನ್ನ ಪಾಲಿಗೆ ಬಂತು. ಊದಿದ ಕೆನ್ನೆಯಲ್ಲೇ ನಾನು ಅವನಿಗೆ ಚಳಿ ಬಿಡಿಸಿದೆ, ಸಾಯಂಕಾಲದೊಳಗೆ ಅವನೇ ಬಂದು ಎತ್ತಿಕೊಂಡು ಹೋದ.

ಅಕ್ಕ ಮಾತ್ರ ದಿನದಿನಕ್ಕೆ ಸೊರಗಿದಳು. ಬೀದಿಯಲ್ಲಿ ಹೋಗುವಾಗ ಯಾರದೋ ಮನೆಯ ತೆರೆದ ಕಿಟಕಿಯಲ್ಲಿ ಟಿವಿ ಬೆಳಕು ಕಂಡರೆ ನಿಂತುಬಿಡುತ್ತಿದ್ದಳು. ನೆಂಟರ ಮನೆಗೆ ಹೋದರೆ ಕ್ಷೇಮ ವಿಚಾರಿಸುವ ಮೊದಲು ಟಿವಿಯ ಹಿಂದೆ ಬಗ್ಗುತ್ತಿದ್ದಳು. ಇವಳಿಗೆ ಏನಾಗಿದೆ ಎಂದು ಭಾವ ನನ್ನನ್ನು ಕರೆದು ಕೇಳಿದರು. ನನಗೂ ಸಿಟ್ಟು ಬಂದಿತ್ತು. ಒಂದು ಡಬ್ಬಿ ಫೇಲಾದರೆ ಲೋಕ ಮುಳುಗುತ್ತದಾ, ಎಲ್ಲರ ಕೈಯಿಂದಲೂ ತಪ್ಪಾಗುತ್ತದೆ ಎಂದು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದೆ.

"ಎರಡನೇ ಸಲ ಫೇಲ್ ಅಂದಾಗ ಆ ಗಡಿಯಾರದವರು ಗ್ರಾಫ್ ನೋಡ್ಲಿಲ್ಲ ಕಣೇ," ಎಂದಳು ಅಕ್ಕ. "ತಮ್ಮ ಎರಡು ಕೈನೂ ತಿರುಗಿಸಿ ತಿರುಗಿಸಿ ನೋಡ್ಕೊಂಡ್ರು."

ಅದಾದ ಮೇಲೆ ನಾನು ಅವಳನ್ನು ಬೈಯಲಿಲ್ಲ.

ಗಡಿಯಾರದವರು ಬರುವ ದಿನ ಬಂತು, ಟಿವಿ ಸಿಕ್ಕಿರಲಿಲ್ಲ. ಬೆಳಗ್ಗೆ ಎದ್ದರೆ ನನಗೆ ಬಾಯಿ ತೆರೆಯಲಾಗದಷ್ಟು ನೋವು. ಅಕ್ಕ ಲ್ಯಾಬಿಗೆ ಹೋಗುವ ದಾರಿಯಲ್ಲೇ ಇದ್ದ ಹಲ್ಲಿನ ಡಾಕ್ಟರ ಹತ್ತಿರ ನನ್ನನ್ನು ಎಳೆದುಕೊಂಡು ಹೋದಳು. ನಾನು ಒಳಗೆ ಹಲ್ಲು ಕೀಳಿಸಿಕೊಳ್ಳುತ್ತಿರುವಾಗ ಅವಳು ಹೊರಗೆ ಕಾಯುವ ಕೋಣೆಯಲ್ಲಿ ಇರಬೇಕಿತ್ತು. ಹಲ್ಲು ಕಿತ್ತು, ಗಾಯಕ್ಕೆ ಹತ್ತಿ ಒತ್ತಿ, ಬಾಯಿ ಬಿಡಬೇಡಿ ಎಂದು ಡಾಕ್ಟರು ಹೇಳುತ್ತಿರುವಾಗಲೇ ಅವಳು ಬಾಗಿಲು ತಳ್ಳಿಕೊಂಡು ಬಂದಳು. ತಂಗಿ ಹೇಗಿದ್ದಾಳೆ ಎಂದು ಕೇಳಲಿಲ್ಲ. ಹೊರಗಿರುವ ಟಿವಿಯನ್ನು ಇವತ್ತೇ ನನಗೆ ಕೊಡಿ, ಬದಲಿಗೆ ಇದರ ಎರಡರಷ್ಟು ದೊಡ್ಡ ಹೊಸ ಟಿವಿ ತಂದು ಹಾಕುತ್ತೇನೆ ಎಂದಳು.

ಡಾಕ್ಟರು ಹೊರಗೆ ಬಂದು ತಮ್ಮ ಟಿವಿಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಸಣ್ಣದು, ಹಳೆಯದು, ಒಂದು ಮೂಲೆಯಲ್ಲಿ ಬಣ್ಣ ಮಾಸಿತ್ತು. ಅಕ್ಕ ರೇಡಿಯೋ ಹಿಡಿದು ತೋರಿಸಿದಳು, ಅದು ಗಾಳಿ ಬೀಸಿದ ಹಾಗೆ ಬರೀ ಸುಯ್ಯೆನ್ನುತ್ತಿತ್ತು, ಒಂದು ಪಟ್ ಇಲ್ಲ. ಡಾಕ್ಟರಿಗೆ ಇದರಿಂದ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಇದರೊಳಗೆ ಏನೋ ಇರಬೇಕು ಎಂದರು. ಏನೂ ಇಲ್ಲದ್ದರಿಂದಲೇ ಬೇಕು ಎಂದಳು ಅಕ್ಕ. ಇನ್ನೊಂದು ದಿನವಾಗಿದ್ದರೆ ನಾನು ನಾಲ್ಕು ಮಾತಿನಲ್ಲಿ ವಿಷಯ ಬಗೆಹರಿಸುತ್ತಿದ್ದೆ. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೈ ಮುಗಿಯುವುದೊಂದೇ ನನ್ನಿಂದ ಆದದ್ದು. ಆ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು, ತಗೊಂಡು ಹೋಗಿ ಎಂದರು.

ಬಾಡಿಗೆ ಕಾರಿನಲ್ಲಿ ಟಿವಿಯನ್ನು ನನ್ನ ತೊಡೆಯ ಮೇಲಿಟ್ಟು ಲ್ಯಾಬಿಗೆ ಹೋದೆವು. ಒಂದೊಂದು ಗುಂಡಿಗೂ ನನ್ನ ಖಾಲಿ ವಸಡು ಝುಮ್ಮೆನ್ನುತ್ತಿತ್ತು. ಅಕ್ಕ ಡ್ರೈವರಿಗೆ ನಿಧಾನ ಎನ್ನುತ್ತಿದ್ದಳು, ನನ್ನ ಸಲುವಾಗಿ ಅಲ್ಲ. ಲ್ಯಾಬಿನಲ್ಲಿ ಅದನ್ನು ಮೇಜಿನ ಮೇಲಿಟ್ಟು, ಈ ಸಲ ಚಿತ್ರ ಕಳಿಸಿ ಎಚ್ಚರವಾಗಿಯೇ ಇಟ್ಟು ಅಳೆದಳು. ಹುಲ್ಲು ನೆಲಕ್ಕೆ ಅಂಟಿಕೊಂಡಿತ್ತು. ಅಕ್ಕ ಟಿವಿಯ ತಲೆ ಸವರಿದಳು.

ಅಷ್ಟರಲ್ಲಿ ಗಡಿಯಾರದವರು ಬಂದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಆನಿಸಿಕೊಂಡು, ಏದುಸಿರು ಬಿಡುತ್ತಾ ಬಂದರು. ಅವರ ಕೈ ಖಾಲಿ ಇಲ್ಲದ್ದರಿಂದ ಹೆಂಡತಿ ಹಿಂದಿನಿಂದ ಅವರ ಅಂಗಿಯ ಅಂಚು ಹಿಡಿದುಕೊಂಡು ಹೆಜ್ಜೆ ಹಾಕುತ್ತಿದ್ದರು. ನನ್ನನ್ನು ಯಾರೋ ಲ್ಯಾಬಿನವಳು ಅಂದುಕೊಂಡರು, ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ಡಬ್ಬಿಯನ್ನು ಒಳಗಿಟ್ಟು ಬಾಗಿಲು ಹಾಕಿದರು. ಮೇಜು ತಿರುಗಿತು. ಪರದೆಯ ಮೇಲೆ ಹುಲ್ಲು ಎದ್ದಿತು, ಗೆರೆಗಿಂತ ಎಷ್ಟೋ ಕೆಳಗೆ ನಿಂತಿತು. ಆ ಜಾಗದಲ್ಲಿ ಏನೂ ಇರಲಿಲ್ಲ.

ಪಾಸಾಯಿತು ಎಂದು ಯಜಮಾನರು ಎಲ್ಲರಿಗಿಂತ ಮೊದಲು ಹೇಳಿ ಅವರ ಕೈ ಕುಲುಕಿದರು. ಗಡಿಯಾರದವರು ಹೆಂಡತಿಯ ಕಡೆ ತಿರುಗಿ, ನೋಡಿದೆಯಾ, ತಗಡು ಹಾಕಿದ್ದೇ ಒಳ್ಳೆಯದಾಯಿತು ಎಂದರು. ಆಕೆ ತಲೆಯಾಡಿಸಿದರು. ಮನೆಯಲ್ಲಿ ಒಂದೇ ಕಡೆ ಇಟ್ಟುಕೊಂಡರಾಯಿತು, ಓದಬೇಕಾದಾಗ ಯಾರಾದರೂ ಪೇಪರ್ ತಂದುಕೊಡುತ್ತಾರೆ ಎಂದರು. ಎಲ್ಲರೂ ಖುಷಿಯಾಗಿದ್ದರು. ಯಜಮಾನರು ಅಕ್ಕನಿಗೆ ಕಣ್ಣಲ್ಲೇ ಸಾಕು ಎಂದು ಹೇಳಿದ್ದನ್ನು ನಾನು ನೋಡಿದೆ. ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ, ಸುಮ್ಮನಿರಲಿ ಎಂದೇ ನನಗೂ ಅನಿಸಿತು.

ಅಕ್ಕ ಕಿಟಕಿಯವರೆಗೆ ಹೋಗಿ ತಿರುಗಿ ಬಂದಳು.

"ಆ ತಗಡು ತೆಗೀರಿ," ಎಂದಳು.

ಗಡಿಯಾರದವರಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಪಾಸಾಗಿದೆಯಲ್ಲ ತಾಯಿ, ಯಾಕೆ ಕೆಣಕುವುದು ಎಂದು ಡಬ್ಬಿಯ ಮೇಲೆ ಕೈಯಿಟ್ಟುಕೊಂಡರು. ಅಕ್ಕ ಬಿಡಲಿಲ್ಲ. "ಮೊದಲೆರಡು ಸಲ ಸದ್ದು ಮಾಡಿದ್ದು ನಿಮ್ಮ ಡಬ್ಬಿ ಅಲ್ಲ ಅನ್ಸುತ್ತೆ. ನಮ್ಮ ಟಿವಿ. ಆ ಟಿವಿ ಆರಿಸಿ ತಂದವಳು ನಾನು. ಒಂದ್ಸಲ ತಗಡು ತೆಗೆದು ನೋಡೋಣ."

ಯಜಮಾನರು ಕುರ್ಚಿಯ ಬೆನ್ನು ಹಿಡಿದು ನಿಂತರು. ಗಡಿಯಾರದವರು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು. ಒಂದು ಸ್ಕ್ರೂ ತೆಗೆಯುವಷ್ಟರಲ್ಲಿ ಅದು ಅವರ ಕೈಯಿಂದ ಎರಡು ಸಲ ಜಾರಿ ಬಿತ್ತು. ತಗಡು ಕಳಚಿದ ಮೇಲೆ ಡಬ್ಬಿ ಇಷ್ಟೇ ಇಷ್ಟು ಚಿಕ್ಕದಾಗಿ ಕಂಡಿತು. ಮತ್ತೆ ಒಳಗಿಟ್ಟರು, ಮತ್ತೆ ಬಾಗಿಲು, ಮತ್ತೆ ಮೇಜು ತಿರುಗಿತು. ನಾನು ಹತ್ತಿಯನ್ನು ಎಷ್ಟು ಕಚ್ಚಿ ಹಿಡಿದಿದ್ದೆನೆಂದರೆ ದವಡೆಯೇ ಮರಗಟ್ಟಿತ್ತು. ಹುಲ್ಲು ಎದ್ದಿತು, ಗೆರೆಯ ಕೆಳಗೇ ನಿಂತಿತು. ತಗಡು ಇದ್ದಾಗಿನದಕ್ಕೂ ಇಲ್ಲದಾಗಿನದಕ್ಕೂ ನನ್ನ ಕಣ್ಣಿಗೆ ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ.

"ಮೊದಲನೇ ಸಲ ತಂದಾಗ್ಲೂ ಹೀಗೇ ಇತ್ತಾ?" ಗಡಿಯಾರದವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಹೀಗೇ ಇತ್ತು," ಎಂದಳು ಅಕ್ಕ. ಹಳೆಯ ಎರಡು ವರದಿಗಳನ್ನೂ ವಾಪಸು ತೆಗೆದುಕೊಂಡು, ತಪ್ಪು ಲ್ಯಾಬಿನದು ಎಂದು ತನ್ನ ಹೆಸರಿನಲ್ಲೇ ಬರೆದುಕೊಡುತ್ತೇನೆ ಎಂದಳು. ಕ್ಷಮಿಸಿ ಎಂದಳು.

ಅವರು ಪರವಾಗಿಲ್ಲ ಎನ್ನಲಿಲ್ಲ. ಆಮೇಲೆ, "ನಾನು ಅಂಗಡಿ ಬಾಗಿಲು ಹಾಕಿಬಿಟ್ಟೆ ತಾಯಿ," ಎಂದರು. "ಜನ ನಂಬಿ ಗಡಿಯಾರ ಕೊಡ್ತಾರೆ. ನನ್ನ ಕೈ ಹೋಯ್ತು ಅಂದ್ಕೊಂಡೆ."

ಅವರ ಹೆಂಡತಿ ಮೇಜಿನ ಅಂಚು ತಡವಿಕೊಂಡು ಮುಂದೆ ಬಂದು ಡಬ್ಬಿ ಎಲ್ಲಿದೆ ಎಂದು ಕೇಳಿದರು. ಅಕ್ಕ ತಂದು ಕೊಟ್ಟಳು. ಆಕೆ ಅದನ್ನು ಎತ್ತಿ ನೋಡಿ, ಒಂದು ಸಲ ಕೆಳಗಿಟ್ಟು ಮತ್ತೆ ಎತ್ತಿದರು. ಇನ್ನು ಮನೆಗೆ ಹೋಗೋಣ ಎಂದರು ಗಂಡನಿಗೆ. ಅವರು ಡಬ್ಬಿಯನ್ನು ಒಂದು ಕಂಕುಳಿಗೆ ಸೇರಿಸಿಕೊಂಡು ಇನ್ನೊಂದು ಕೈಯನ್ನು ಹೆಂಡತಿಗೆ ಕೊಟ್ಟರು. ಹೋಗುವಾಗ ಅಕ್ಕನ ಕಡೆ ತಿರುಗಿ ನೋಡಲಿಲ್ಲ.

ಕಬ್ಬಿಣದ ಕವಚ ಅಲ್ಲೇ ಉಳಿದಿತ್ತು. ಅಕ್ಕ ಅದನ್ನು ಬದಿಗಿಡಲು ಒಂದು ಕೈ ಹಾಕಿದಳು, ಅದು ಅಲುಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಎದೆಗೆ ಆನಿಸಿಕೊಂಡಳು, ಹಾಗೆಯೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಎದ್ದು ಹೋಗಿ ತಗಡಿನ ಇನ್ನೊಂದು ತುದಿ ಹಿಡಿದುಕೊಂಡೆ.